ಮೆಲ್ಬರ್ನಿನಿಂದ ಬಂದ ಕಾಗದ

ನೀಲಗಿರಿ ಮರ ನಿಮಗೆಲ್ಲ ಗೊತ್ತು. ಅದು ನೆಟ್ಟಗೆ, ಎತ್ತರಕ್ಕೆ ಬೆಳೆಯುತ್ತದೆ. ಎಲೆಯನ್ನು ಕೈಯಲ್ಲಿ ಉಜ್ಜಿದರೆ ಘಮ್ ಅನ್ನುತ್ತದೆ. ನೆಗಡಿ ಬಂದಾಗ ಅದರ ಎಣ್ಣೆ ಹಚ್ಚುತ್ತೇವೆ. ಹೆಸರೇನೋ ನೀಲಗಿರಿ. ಆದರೆ ಅದರ ತವರು ನಮ್ಮ ನೀಲಗಿರಿ ಬೆಟ್ಟವಲ್ಲ. ಅದರ ತವರು ಆಸ್ಟ್ರೇಲಿಯಾ. 1843ರ ಸುಮಾರಿಗೆ ಬ್ರಿಟಿಷರು ಅದನ್ನು ಊಟಿಗೆ ತಂದು ನೆಟ್ಟರು. ವಯನಾಡಿನ ತೋಟಗಳಲ್ಲಿ ಮೆಣಸಿನ ಬಳ್ಳಿ ಹಬ್ಬಿಸುವ ಸಿಲ್ವರ್ ಓಕ್ ಮರವೂ ಆಸ್ಟ್ರೇಲಿಯಾದ್ದೇ.

ಹಿಂದೆ ಅಲ್ಲಿಂದ ಮರ ಇಲ್ಲಿಗೆ ಬಂತು. ಈಗ ನಮ್ಮ ಮಕ್ಕಳು ಇಲ್ಲಿಂದ ಅಲ್ಲಿಗೆ ಹೋಗುತ್ತಿದ್ದಾರೆ. 2021ರಲ್ಲಿ ಆಸ್ಟ್ರೇಲಿಯಾದಲ್ಲಿ ಜನಗಣತಿ ಆಯಿತು. ಭಾರತದಲ್ಲಿ ಹುಟ್ಟಿದವರು ಅಲ್ಲಿ ಸುಮಾರು 6 ಲಕ್ಷ 73 ಸಾವಿರ ಜನ ಇದ್ದರು. ಅವರಲ್ಲಿ ಕನ್ನಡದವರೂ ಇದ್ದಾರೆ. ಸಿಡ್ನಿ, ಮೆಲ್ಬರ್ನ್ ನಗರಗಳಲ್ಲಿ ಕನ್ನಡ ಸಂಘಗಳಿವೆ.

ಅಲ್ಲಿಗೆ ಹೋದವರು ಅಲ್ಲೇ ಯಾಕೆ ಉಳಿಯುತ್ತಾರೆ? ಅವರಿಗೆ ಅಲ್ಲಿ ಏನು ಇಷ್ಟ? ಈ ಪಾಠದಲ್ಲಿ ಓದೋಣ.

ಅವ್ವನ ಪ್ರಶ್ನೆ

ತಾಳವಾಡಿ ಸೀಮೆಯ ಒಂದು ಹಳ್ಳಿ. ಅಲ್ಲಿ ಒಂದು ಕಲಿಕಾ ಕೇಂದ್ರ ಇದೆ. ಸಂಜೆ ಏಳು ಗಂಟೆಗೆ ಹೆಂಗಸರು ಸೇರುತ್ತಾರೆ. ಅವರಲ್ಲಿ ಒಬ್ಬ ಅವ್ವನ ಮಗಳು ಮೆಲ್ಬರ್ನಿನಲ್ಲಿ ನರ್ಸು. ವಯಸ್ಸಾದವರನ್ನು ನೋಡಿಕೊಳ್ಳುವ ಮನೆಯಲ್ಲಿ ಕೆಲಸ ಮಾಡುತ್ತಾಳೆ. ವಾರಕ್ಕೊಮ್ಮೆ ಫೋನ್ ಮಾಡುತ್ತಾಳೆ.

ಒಂದು ದಿನ ಮಗಳು ಫೋನಿನಲ್ಲಿ ಹೇಳಿದಳು: "ಅವ್ವಾ, ನಂಗೆ ಇಲ್ಲೇ ಕಾಯಂ ಆಗಿ ಇರೋದಕ್ಕೆ ಪರವಾನಗಿ ಸಿಕ್ತು."

ಅವ್ವನಿಗೆ ಎದೆ ಧಸಕ್ ಅಂತು. ಮಾತೇ ಹೊರಡಲಿಲ್ಲ. ಕೇಂದ್ರಕ್ಕೆ ಬಂದು ಕೂತಳು.

"ಊರೋರ ಅವ್ವಂದಿರ ಕೈ ಹಿಡ್ಕಂಡು ನಡೆಸ್ತಾಳೆ. ನನ್ ಕೈ ಯಾರು ಹಿಡೀತಾರೆ? ಅಂಥಾದ್ದು ಏನೈತೆ ಆ ದೇಶದಲ್ಲಿ?" ಎಂದಳು.

ಪ್ರೇರಕಿ ಹೇಳಿದಳು: "ಅದನ್ನ ಅವಳನ್ನೇ ಕೇಳಿ ದೊಡ್ಡವ್ವ. ಕಾಗದ ಬರೀ ಅನ್ನಿ. ಈಗ ನೀವೇ ಓದಬಲ್ರಿ."

ಅವ್ವ ಮಗಳಿಗೆ ಅದನ್ನೇ ಹೇಳಿದಳು. ಮೂರು ವಾರ ಕಳೆಯಿತು. ಕಾಗದ ಬಂತು. ಮಗಳು ದೊಡ್ಡ ದೊಡ್ಡ ಅಕ್ಷರದಲ್ಲಿ ಬರೆದಿದ್ದಳು. ಅವ್ವ ಬೆರಳಿಟ್ಟು ಒಂದೊಂದೇ ಸಾಲು ಓದಿದಳು. ಎಲ್ಲರೂ ಕೇಳಿದರು.

ಮಗಳ ಕಾಗದ

ಪ್ರೀತಿಯ ಅವ್ವನಿಗೆ ನಿನ್ನ ಮಗಳು ಮಾಡುವ ನಮಸ್ಕಾರ. ನಾನಿಲ್ಲಿ ಕ್ಷೇಮ. ನಿನ್ನ ಕ್ಷೇಮಕ್ಕೆ ಬರೆ.

ಇಲ್ಲಿ ಏನಿದೆ ಅಂತ ಕೇಳಿದ್ದೀಯ. ಹೇಳ್ತೀನಿ ಕೇಳು.

ಮೊದಲನೇದು ಜಾಗ. ಈ ದೇಶ ನಮ್ಮ ಭಾರತದ ಎರಡರಷ್ಟಕ್ಕಿಂತ ದೊಡ್ಡದು. ಆದರೆ ಜನ ಸುಮಾರು 2 ಕೋಟಿ 70 ಲಕ್ಷ ಮಾತ್ರ. ನಮ್ಮ ತಮಿಳುನಾಡಿನಲ್ಲೇ 2011ರಲ್ಲಿ 7 ಕೋಟಿ 21 ಲಕ್ಷ ಜನ ಇದ್ದರು. ಇಲ್ಲಿ ದೇಶದ ನಡುಭಾಗ ಮರಳುಗಾಡು. ಅದಕ್ಕೇ ಜನ ಹೆಚ್ಚಾಗಿ ಸಮುದ್ರದ ಅಂಚಿನ ಊರುಗಳಲ್ಲಿ ಇದ್ದಾರೆ. ಸಮುದ್ರ ತೀರಕ್ಕೆ ಹೋಗೋಕೆ ಇವರಿಗೆ ಬಲು ಆಸೆ. ತೀರದಲ್ಲಿ ಕೆಂಪು ಹಳದಿ ಬಾವುಟ ನೆಟ್ಟಿರ್ತಾರೆ. ಎರಡು ಬಾವುಟದ ನಡುವೆ ಮಾತ್ರ ಈಜಬೇಕು. ಅಲ್ಲಿ ಕಾವಲಿನವರು ಕಣ್ಣಿಟ್ಟಿರ್ತಾರೆ. ಅವರಲ್ಲಿ ಎಷ್ಟೋ ಜನ ಸಂಬಳ ಇಲ್ಲದೆ ಸೇವೆ ಮಾಡೋರು.

ಊರೊಳಗೆ ಪಾರ್ಕುಗಳಿವೆ. ಅಲ್ಲಿ ಕರೆಂಟಿನ ಒಲೆ ಇಟ್ಟಿರ್ತಾರೆ. ಯಾರು ಬೇಕಾದರೂ ಅಡುಗೆ ಮಾಡ್ಕೊಂಡು ಉಣ್ಣಬಹುದು. ಬಹಳ ಕಡೆ ದುಡ್ಡು ಕೊಡಬೇಕಾಗಿಲ್ಲ. ಉಂಡವರು ಒಲೆ ಒರೆಸಿ ಹೋಗ್ತಾರೆ. ಮೊನ್ನೆ ನಾವು ಅಲ್ಲೇ ರೊಟ್ಟಿ ಸುಟ್ವಿ.

ಎರಡನೇದು ಕೆಲಸ. ಅಪ್ಪನ್ನ ನೆನೆಸ್ಕೊಂಡು ಇದನ್ನ ಬರೀತಿದೀನಿ. ಅಪ್ಪ ಕಲ್ಲು ಕ್ವಾರಿಯಲ್ಲಿ ಹೊತ್ತು ಹುಟ್ಟೋ ಮುಂಚೆ ಹೋಗಿ ಕತ್ತಲಾದ ಮೇಲೆ ಬರ್ತಿದ್ದ. ಕೂಲಿ ಲೆಕ್ಕ ಕೇಳಿದ್ದಕ್ಕೆ ಕೆಲಸದಿಂದ ತೆಗೆದರು. ಇದೇ ಮೆಲ್ಬರ್ನಿನಲ್ಲಿ 1856ರ ಏಪ್ರಿಲ್ 21ರಂದು ಕಲ್ಲು ಕೆಲಸದವರು ಏನು ಮಾಡಿದರು ಗೊತ್ತಾ? ವಿಶ್ವವಿದ್ಯಾಲಯದ ಕಟ್ಟಡ ಕಟ್ಟುತ್ತಿದ್ದವರು ಉಳಿ ಸುತ್ತಿಗೆ ಕೆಳಗಿಟ್ಟರು. ಶಾಸನಸಭೆಯ ಕಡೆಗೆ ಮೆರವಣಿಗೆ ಹೋದರು. "ದಿನಕ್ಕೆ ಎಂಟೇ ಗಂಟೆ ಕೆಲಸ, ಕೂಲಿ ಕಡಿಮೆ ಮಾಡಕೂಡದು" ಅಂದರು. ಗೆದ್ದರು. ಉಳಿದ ಕೆಲಸಗಾರರಿಗೆ ಇದು ಸಿಗೋಕೆ ಇನ್ನೂ ಎಷ್ಟೋ ವರ್ಷ ಬೇಕಾಯ್ತು. ಅದರ ನೆನಪಿಗೆ ಇಲ್ಲಿ ಒಂದು ಕಂಬ ಇದೆ. ಅದರ ತುದಿಯಲ್ಲಿ 888 ಅಂತ ಇದೆ. ಎಂಟು ಗಂಟೆ ಕೆಲಸ, ಎಂಟು ಗಂಟೆ ವಿರಾಮ, ಎಂಟು ಗಂಟೆ ನಿದ್ದೆ. ನಾನು ಆ ಕಂಬದ ಮುಂದೆ ನಿಂತು ಅತ್ತೆ ಅವ್ವ.

ಈಗ ಇಲ್ಲಿ ಪೂರ್ತಿ ಕೆಲಸ ಅಂದ್ರೆ ವಾರಕ್ಕೆ 38 ಗಂಟೆ. 2025ರ ಜುಲೈ 1ರಿಂದ ಕನಿಷ್ಠ ಕೂಲಿ ಗಂಟೆಗೆ 24 ಡಾಲರ್ 95 ಸೆಂಟ್ ಅಂತ ಗೊತ್ತು ಮಾಡಿದರು. ಕಾಯಂ ಕೆಲಸದವರಿಗೆ ವರ್ಷಕ್ಕೆ ನಾಲ್ಕು ವಾರ ಸಂಬಳದ ರಜೆ. ನಲ್ಲಿ ರಿಪೇರಿಯವರಿಗೆ, ಕರೆಂಟಿನ ಕೆಲಸದವರಿಗೆ ಒಳ್ಳೆ ಸಂಪಾದನೆ, ಮರ್ಯಾದೆ ಎರಡೂ ಇದೆ. ಮೇಲಿನ ಅಧಿಕಾರಿಯನ್ನೂ ಹೆಸರು ಹಿಡಿದೇ ಕರೀಬೇಕು. ಮೊದಮೊದಲು ನನಗೆ ನಾಲಿಗೆಯೇ ಏಳ್ತಿರಲಿಲ್ಲ. ಬಸ್ಸಿಂದ ಇಳಿಯೋವಾಗ ಜನ ಡ್ರೈವರಿಗೆ ಥ್ಯಾಂಕ್ಸ್ ಹೇಳಿ ಇಳೀತಾರೆ. ನಂಗೆ ಇದು ಬಹಳ ಇಷ್ಟ.

ಮೂರನೇದು ಆಸ್ಪತ್ರೆ. 1984ರಲ್ಲಿ ಮೆಡಿಕೇರ್ ಅನ್ನೋ ಯೋಜನೆ ಬಂತು. ಜನ ಕೊಟ್ಟ ತೆರಿಗೆಯಿಂದ ಅದು ನಡೀತದೆ. ಈ ದೇಶದ ಪ್ರಜೆಗಳಿಗೆ, ಕಾಯಂ ಪರವಾನಗಿ ಇರೋರಿಗೆ ಸರ್ಕಾರಿ ಆಸ್ಪತ್ರೆಯಲ್ಲಿ ಪುಕ್ಕಟೆ ಚಿಕಿತ್ಸೆ. ಓದೋಕೆ ಬಂದ ಹೊರದೇಶದ ಮಕ್ಕಳು ಮಾತ್ರ ಬೇರೆ ವಿಮೆ ಮಾಡಿಸಬೇಕು. ಹಲ್ಲು ತೋರಿಸೋಕೆ ದೊಡ್ಡವರೆಲ್ಲ ಸಾಮಾನ್ಯವಾಗಿ ಕೈಯಿಂದಲೇ ಕೊಡಬೇಕು. ಅದು ದುಬಾರಿ.

ನಾಲ್ಕನೇದು ಓಟು. 1924ರಲ್ಲಿ ಇವರು ಒಂದು ಕಾನೂನು ಮಾಡಿದರು. ದೇಶದ ಚುನಾವಣೆಯಲ್ಲಿ ಓಟಿನ ಪಟ್ಟಿಯಲ್ಲಿ ಇರೋರೆಲ್ಲ ಓಟು ಹಾಕಲೇಬೇಕು. ಸರಿಯಾದ ಕಾರಣ ಇಲ್ಲದೆ ತಪ್ಪಿಸಿದರೆ ದಂಡ. ಓಟು ಶನಿವಾರ ನಡೀತದೆ, ಕೂಲಿ ತಪ್ಪಬಾರದಲ್ಲ? ನೂರಕ್ಕೆ ಸುಮಾರು 90 ಜನ ಹಾಕ್ತಾರೆ. ಶಾಲೆ ಅಂಗಳದಲ್ಲಿ ಮಕ್ಕಳ ತಾಯಿ ತಂದೆ ತಿಂಡಿ ಸುಟ್ಟು ಮಾರ್ತಾರೆ. ಬಂದ ದುಡ್ಡು ಶಾಲೆಗೆ. ಜಾತ್ರೆ ಇದ್ದಂಗೆ ಇರ್ತದೆ. ನನಗಿನ್ನೂ ಓಟಿಲ್ಲ. ಪ್ರಜೆ ಆದ ಮೇಲೆ ಬರ್ತದೆ.

ಐದನೇದು ನಿಂಗೆ ಇಷ್ಟ ಆಗ್ತದೆ. 1948ರಿಂದ ಇಲ್ಲಿ ಹೊರಗಿಂದ ಬಂದು ನೆಲೆಸಿದ ದೊಡ್ಡವರಿಗೆ ಪುಕ್ಕಟೆ ಇಂಗ್ಲಿಷ್ ಪಾಠ ನಡೀತಾ ಇದೆ. ನಿನ್ನ ವಯಸ್ಸಿನ ಹೆಂಗಸರು ಪುಸ್ತಕ ಹಿಡ್ಕೊಂಡು ಹೋಗ್ತಾರೆ. ಊರಿನ ನಡುವೆ ದೊಡ್ಡ ಗ್ರಂಥಾಲಯ ಇದೆ. ಅದೂ 1856ರಲ್ಲೇ ತೆರೆದದ್ದು. ಆವಾಗಿನ ನಿಯಮ ಕೇಳು. ವಯಸ್ಸು 14 ದಾಟಿರಬೇಕು, ಕೈ ಶುಚಿಯಾಗಿರಬೇಕು. ಅಷ್ಟಿದ್ರೆ ಯಾರು ಬೇಕಾದರೂ ಬಂದು ಓದಬಹುದಿತ್ತು. ಈಗಲೂ ಒಳಗೆ ಹೋಗೋಕೆ ದುಡ್ಡಿಲ್ಲ.

ಎಲ್ಲ ಚೆನ್ನಾಗಿದೆ ಅಂತ ಸುಳ್ಳು ಬರೆಯಲ್ಲ. ಮನೆ ಬಾಡಿಗೆ ಬಹಳ ಜಾಸ್ತಿ. ಬಿಸಿಲು ಚರ್ಮ ಸುಡ್ತದೆ. ಚರ್ಮದ ಕ್ಯಾನ್ಸರ್ ಇಲ್ಲಿ ಹೆಚ್ಚು. ಶಾಲೆ ಮಕ್ಕಳು ಟೋಪಿ ಹಾಕದೆ ಆಟಕ್ಕೆ ಇಳಿಯೋ ಹಾಗಿಲ್ಲ. 2019-20ರ ಬೇಸಿಗೆಯಲ್ಲಿ ಕಾಡ್ಗಿಚ್ಚು ಎದ್ದು ಊರೂರೇ ಸುಟ್ಟವು. ನಮ್ಮ ನೀಲಗಿರಿ ಮರದ ಎಲೆಯಲ್ಲಿ ಎಣ್ಣೆ ಇದೆ ನೋಡು, ಅದಕ್ಕೇ ಬೆಂಕಿ ಬೇಗ ಹತ್ತುತ್ತದೆ.

ಇನ್ನೊಂದು ಮಾತು. ಈ ನೆಲ ಮೊದಲು ಮೂಲನಿವಾಸಿಗಳದ್ದು. ಅವರು 50 ಸಾವಿರ ವರ್ಷಕ್ಕಿಂತ ಹಿಂದಿನಿಂದ ಇಲ್ಲಿದ್ದಾರೆ. 1788ರಲ್ಲಿ ಬ್ರಿಟಿಷರು ಬಂದು ನೆಲ ಕಿತ್ತುಕೊಂಡರು. ಆಮೇಲೆ ಸರ್ಕಾರವೇ ಎಷ್ಟೋ ಮಕ್ಕಳನ್ನ ತಾಯಂದಿರಿಂದ ಕಿತ್ತು ಬೇರೆ ಕಡೆ ಬೆಳೆಸಿತು. 2008ರ ಫೆಬ್ರವರಿ 13ರಂದು ಪ್ರಧಾನಿ ಕೆವಿನ್ ರಡ್ ಸಂಸತ್ತಿನಲ್ಲಿ ಅದಕ್ಕೆ ಕ್ಷಮೆ ಕೇಳಿದರು. ನಮ್ಮಂಥ ಬಣ್ಣದವರನ್ನೂ ಹಿಂದೆ ಒಳಗೆ ಬಿಡ್ತಿರಲಿಲ್ಲ. 1901ರಲ್ಲಿ ಮಾಡಿದ ಆ ನೀತಿ 1973ರಲ್ಲಿ ಪೂರ್ತಿ ಹೋಯ್ತು. ಅದು ಹೋಗಿದ್ದಕ್ಕೇ ನಾನಿವತ್ತು ಇಲ್ಲಿದ್ದೀನಿ.

ಕೆಲಸದ ಮನೆಯಲ್ಲಿ ಒಬ್ಬ ಅಜ್ಜಿ ಇದ್ದಾರೆ. ದಿನಾ ನನ್ನ ಕೈ ಹಿಡಿದು ಅಂಗಳ ಸುತ್ತುತ್ತಾರೆ. ಅಂಗಳದ ಕೊನೆಗೆ ಒಂದು ನೀಲಗಿರಿ ಮರ ಇದೆ. ಅದರ ವಾಸನೆಗೆ ನಮ್ಮೂರು ನೆನಪಾಗ್ತದೆ. ಆವಾಗ ನೀನೂ ನೆನಪಾಗ್ತೀಯ.

ನಾನು ಇಲ್ಲಿರಲಾ, ಬರಲಾ? ನೀನೇ ಬರೆ.

ಇಂತಿ ನಿನ್ನ ಮಗಳು

ಅವ್ವನ ಉತ್ತರ

ಓದಿ ಮುಗಿಯಿತು. ಯಾರೂ ಮಾತಾಡಲಿಲ್ಲ. ಆಮೇಲೆ ಒಬ್ಬಳು ಕೇಳಿದಳು: "ದೊಡ್ಡವ್ವ, ಏನು ಬರೀತೀರಿ?"

ಅವ್ವ ಎರಡು ದಿನ ಯೋಚನೆ ಮಾಡಿದಳು. ಮೂರನೇ ದಿನ ತಾನೇ ಬರೆದಳು. ಅದು ಅವಳು ಬರೆದ ಮೊದಲ ಕಾಗದ.

"ಮಗಳಿಗೆ ಅವ್ವನ ಆಶೀರ್ವಾದ. ಕಾಗದ ನಾನೇ ಓದಿದೆ. ಒಂದು ರಾತ್ರಿ ಹಿಡೀತು. ನಿಮ್ಮಪ್ಪ ಲೆಕ್ಕ ಕೇಳಿ ಕೆಲಸ ಕಳಕೊಂಡ. ನಿನಗೆ ಲೆಕ್ಕ ಇರುವ ಕೆಲಸ ಸಿಕ್ಕಿದೆ. ಬಿಟ್ಟು ಬಾ ಅಂತ ಹೇಳಲಾರೆ. ನನಗೆ ಬೇಜಾರಿಲ್ಲ ಅಂತಲೂ ಹೇಳಲಾರೆ. ವರ್ಷಕ್ಕೆ ನಾಲ್ಕು ವಾರ ರಜೆ ಅಂತ ನೀನೇ ಬರೆದಿದ್ದೀಯ. ಅದರಲ್ಲಿ ಮೂರು ವಾರ ನನ್ನದು. ಆ ಅಜ್ಜಿಯ ಕೈ ಗಟ್ಟಿಯಾಗಿ ಹಿಡಿದುಕೊ. ಬೀಳಿಸಬೇಡ."

ನೆನಪಿಡಿ

ಹೊರದೇಶಕ್ಕೆ ಕಳಿಸುತ್ತೇವೆ ಎಂದು ದುಡ್ಡು ಕೇಳುವವರು ಬರಬಹುದು. ಬಾಯಿ ಮಾತು ನಂಬಬೇಡಿ. ಭಾರತ ಸರ್ಕಾರದಲ್ಲಿ ನೋಂದಣಿ ಆದ ಏಜೆಂಟರೇ ಎಂದು ವಿಚಾರಿಸಿ. ಕೊಟ್ಟ ಹಣಕ್ಕೆ ರಸೀದಿ ಪಡೆಯಿರಿ. ಓದದೆ ಯಾವ ಕಾಗದಕ್ಕೂ ಸಹಿ ಹಾಕಬೇಡಿ.

ಪದಗಳ ಅರ್ಥ

ಜನಗಣತಿ – ದೇಶದ ಜನರನ್ನು ಎಣಿಸುವುದು
ಪರವಾನಗಿ – ಒಪ್ಪಿಗೆ ಪತ್ರ
ಮೂಲನಿವಾಸಿ – ಆ ನೆಲದಲ್ಲಿ ಮೊದಲಿನಿಂದ ಇರುವವರು
ಕನಿಷ್ಠ ಕೂಲಿ – ಇದಕ್ಕಿಂತ ಕಡಿಮೆ ಕೊಡಬಾರದು ಎಂದು ಕಾನೂನು ಹೇಳುವ ಕೂಲಿ
ಕಾಡ್ಗಿಚ್ಚು – ಕಾಡಿಗೆ ಬೀಳುವ ಬೆಂಕಿ

ಉತ್ತರ ಬರೆಯಿರಿ

1. ನೀಲಗಿರಿ ಮರದ ತವರು ಯಾವುದು?
2. 1856ರಲ್ಲಿ ಕಲ್ಲು ಕೆಲಸದವರು ಏನು ಕೇಳಿದರು?
3. ಓಟು ಶನಿವಾರ ಇಟ್ಟರೆ ಕೂಲಿಯವರಿಗೆ ಏನು ಅನುಕೂಲ?

ಲೆಕ್ಕ ಮಾಡಿ

1. ಗಂಟೆಗೆ 24 ಡಾಲರ್ 95 ಸೆಂಟ್. ವಾರಕ್ಕೆ 38 ಗಂಟೆ. ವಾರದ ಕೂಲಿ ಎಷ್ಟು? (100 ಸೆಂಟ್ = 1 ಡಾಲರ್)
2. ಜೂನ್ ತಿಂಗಳಲ್ಲಿ ಮೆಲ್ಬರ್ನಿನ ಗಡಿಯಾರ ನಮ್ಮ ಗಡಿಯಾರಕ್ಕಿಂತ ನಾಲ್ಕೂವರೆ ಗಂಟೆ ಮುಂದೆ. ನಮ್ಮಲ್ಲಿ ಸಂಜೆ 7 ಗಂಟೆಯಾದಾಗ ಅಲ್ಲಿ ಎಷ್ಟು ಗಂಟೆ? ಆಗ ಫೋನ್ ಮಾಡಬಹುದೇ?

ಕೂಡಿ ಮಾತಾಡಿ

ಮಗಳು ಬರೆದ ಐದು ಸಂಗತಿಗಳಲ್ಲಿ ನಮ್ಮ ಊರಲ್ಲೂ ಆಗಬಹುದಾದದ್ದು ಯಾವುದು? ಅದಕ್ಕೆ ಯಾರನ್ನು ಕೇಳಬೇಕು? ನಾವು ಏನು ಮಾಡಬೇಕು?

ದೂರದಲ್ಲಿರುವ ನಿಮ್ಮವರಿಗೆ ಈ ವಾರ ಐದು ಸಾಲಿನ ಕಾಗದ ಬರೆಯಿರಿ. ಬೇರೆಯವರ ಕೈಲಿ ಬರೆಸಬೇಡಿ. ತಪ್ಪಾದರೂ ಪರವಾಗಿಲ್ಲ, ನೀವೇ ಬರೆಯಿರಿ.