ಚಿತ್ರವೂ ಸ್ವರವೂ ಕೂಡಿದ ಪಾಠವನ್ನು ಕಟ್ಟುವ ಕ್ರಮ

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಎಂಬ ನಾಲ್ಕು ತಾಲೂಕುಗಳಲ್ಲಿ ಮಕ್ಕಳಿಗೆ ಪಾಠ ಹೇಳುವವರಲ್ಲಿ ಅನೇಕರು ಈಗ ತಮ್ಮ ಕೈಯಲ್ಲಿರುವ ಮೊಬೈಲಿನಿಂದಲೇ ಚಿತ್ರಗಳನ್ನು ತೆಗೆದು, ಅವುಗಳಿಗೆ ತಮ್ಮ ಸ್ವರವನ್ನು ಕೂಡಿಸಿ, ಚಿಕ್ಕ ಚಿಕ್ಕ ಪಾಠಗಳನ್ನು ಸಿದ್ಧಪಡಿಸುತ್ತಾರೆ. ಇವುಗಳಿಗೆ ಬಹುಮಾಧ್ಯಮದ ಪಾಠಗಳೆಂದು ಹೆಸರು. ಇದು ಸಂತೋಷದ ಸಂಗತಿಯೇ ಸರಿ. ಆದರೆ ಪಾಠವನ್ನು ಮಾಡಬಲ್ಲೆವೆಂಬದು ಒಂದು, ಮಾಡಿದ ಪಾಠವು ಮಗುವಿನ ಬುದ್ಧಿಗೆ ಮುಟ್ಟಿತೋ ಎಂಬದು ಇನ್ನೊಂದು. ಈ ಎರಡನೆಯದನ್ನು ನಾವು ತಪ್ಪು ಮಾಡಿಯೇ ಕಲಿತೆವಾದ ಕಾರಣ, ಕಲಿತಷ್ಟನ್ನು ವಾಚಕರ ಮುಂದೆ ಇಡುತ್ತೇವೆ.

ಈ ಕೆಲಸವು ನಮ್ಮ ಸೀಮೆಗೆ ಹೊಸದೆಂದು ಯಾರೂ ಎಣಿಸಬಾರದು. 1975ನೆಯ ಇಸವಿ ಆಗಸ್ಟ್ 1ರಿಂದ 1976ನೆಯ ಜುಲೈ 31ರ ವರೆಗೆ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಲ್ಲಿ ಉಪಗ್ರಹದ ಮೂಲಕ ದೂರದರ್ಶನದ ಪಾಠಗಳು ತೋರಿಸಲ್ಪಟ್ಟವು. ಕರ್ನಾಟಕದಲ್ಲಿ ಇದಕ್ಕಾಗಿ ಆರಿಸಲ್ಪಟ್ಟವುಗಳು ಆಗಿನ ಬಿಜಾಪುರ, ಗುಲ್ಬರ್ಗಾ, ರಾಯಚೂರು ಜಿಲ್ಲೆಗಳೇ. ಮೇಲೆ ಹೇಳಿದ ನಾಲ್ಕು ತಾಲೂಕುಗಳು ಆ ಬಿಜಾಪುರ ಜಿಲ್ಲೆಯೊಳಗಿನವು. ಅಮೇರಿಕದವರು ಎ.ಟಿ.ಎಸ್.-6 ಎಂಬ ತಮ್ಮ ಉಪಗ್ರಹವನ್ನು ಒಂದು ವರ್ಷದ ಮಟ್ಟಿಗೆ ನಮ್ಮ ದೇಶದ ಉಪಯೋಗಕ್ಕೆ ಕೊಟ್ಟಿದ್ದರು. ಕೋಳಿಗೂಡಿಗೆ ಹೊದಿಸುವಂಥ ತಂತಿಬಲೆಯಿಂದ ಸುಮಾರು 10 ಅಡಿ ಅಗಲದ ಬೋಗುಣಿಯಂತೆ ಒಂದು ಆಂಟೆನಾ ಕಟ್ಟಿ, ಊರಿನ ನಡುವೆ ಎಲ್ಲರೂ ಕೂಡಿ ನೋಡತಕ್ಕ ಪೆಟ್ಟಿಗೆಯನ್ನು ಇಟ್ಟಿದ್ದರು. ಮುಂಜಾನೆ ಶಾಲೆಯ ಮಕ್ಕಳಿಗೋಸ್ಕರ ಒಂದೊಂದು ಭಾಷೆಗೆ 22½ ನಿಮಿಷ, ಸಾಯಂಕಾಲದಲ್ಲಿ ದೊಡ್ಡವರಿಗೆ ಬೇಸಾಯ, ಆರೋಗ್ಯ ಮುಂತಾದ ವಿಷಯಗಳು. ಕನ್ನಡದ ಕಾರ್ಯಕ್ರಮಗಳು ತಯಾರಾಗುತ್ತಿದ್ದದ್ದು ಹೈದರಾಬಾದಿನಲ್ಲಿ.

ಆ ವರ್ಷದ ಕೆಲಸದಲ್ಲಿ ನಮಗೆ ಅತಿ ಮುಖ್ಯವಾಗಿ ತೋರುವದು ಮಕ್ಕಳಿಗೆ ತೋರಿಸಿದ ಪಾಠಗಳಲ್ಲ, ಉಪಾಧ್ಯಾಯರಿಗೆ ಕೊಡಲ್ಪಟ್ಟ ವಿಜ್ಞಾನದ ತರಬೇತಿ. ಎರಡು ತಂಡಗಳಲ್ಲಿ ಸುಮಾರು 50,000 ಪ್ರಾಥಮಿಕ ಶಾಲೆಯ ಉಪಾಧ್ಯಾಯರು ಇದನ್ನು ಹೊಂದಿದರು. ಅದರಲ್ಲಿ ದೂರದರ್ಶನವು ಒಂದು ಭಾಗ ಮಾತ್ರವಾಗಿತ್ತು. ಅದರ ಸಂಗಡ ರೇಡಿಯೋ ಇತ್ತು, ಅಚ್ಚಾದ ಪುಸ್ತಕವಿತ್ತು, ನೋಡಿದ್ದನ್ನು ಆಮೇಲೆ ಕೈಯಿಂದ ಮಾಡಿಸುವ ಒಬ್ಬ ಮಾರ್ಗದರ್ಶಕನಿದ್ದನು. ಕಣ್ಣಿನ ಕೆಲಸವನ್ನು ಕಿವಿಗೂ, ಕಿವಿಯ ಕೆಲಸವನ್ನು ಕೈಗೂ ಹೇರದೆ, ಒಂದೊಂದಕ್ಕೆ ತಕ್ಕ ಪಾಲನ್ನು ಕೊಟ್ಟಿದ್ದರೆಂಬದನ್ನು ಗಮನಿಸಿರಿ. ಈಗಿನ ಮೊಬೈಲಿನ ಪಾಠಗಳಲ್ಲಿ ನಾವು ಮರೆಯುತ್ತಿರುವದು ಈ ಪಾಲನ್ನೇ.

ಪಾಲು ಯಾಕೆ ಬೇಕು? ಕಿರಿದಾದ ಬಾಯಿಯ ತಂಬಿಗೆಗೆ ಕೊಡದಿಂದ ನೀರನ್ನು ಒಮ್ಮೆಲೇ ಸುರಿದರೆ ತಂಬಿಗೆಯು ತುಂಬದೆ ನೆಲವೇ ತೋಯುವದು. ಮನುಷ್ಯನ ಬುದ್ಧಿಯೂ ಹೊಸ ಸಂಗತಿಗಳನ್ನು ತಕ್ಕೊಳ್ಳುವಾಗ ಹೀಗೆಯೇ ಇರುತ್ತದೆ. ಒಂದು ಗಳಿಗೆಯಲ್ಲಿ ಅದು ಹಿಡಿಯುವದು ಕೊಂಚ. ಆದರೂ ಕಣ್ಣಿನ ದಾರಿ ಬೇರೆ, ಕಿವಿಯ ದಾರಿ ಬೇರೆ ಇರುವದರಿಂದ, ಎರಡರಲ್ಲಿಯೂ ಹಿತಮಿತವಾಗಿ ಹರಿಸಿದರೆ ಒಂದೇ ದಾರಿಯಲ್ಲಿ ಹೋಗುವದಕ್ಕಿಂತ ಹೆಚ್ಚು ಒಳಗೆ ಸೇರುವದು. ಅಮೇರಿಕದ ಕ್ಯಾಲಿಫೋರ್ನಿಯಾದಲ್ಲಿ ರಿಚರ್ಡ್ ಮೇಯರ್ ಎಂಬ ವಿದ್ವಾಂಸರು ಇದನ್ನು ಅನೇಕ ವರ್ಷ ಪರೀಕ್ಷಿಸಿ ನೋಡಿದ್ದಾರೆ. 1991ರಲ್ಲಿ ಪ್ರಕಟವಾದ ಅವರ ಒಂದು ಪರೀಕ್ಷೆಯು ಸೈಕಲ್ಲಿನ ಗಾಳಿ ಪಂಪಿನ ಮೇಲೆ. ಕೆಲವರಿಗೆ ಪಂಪಿನ ಚಿತ್ರವು ಚಲಿಸುತ್ತಿರುವಾಗಲೇ ಮಾತನ್ನು ಕೇಳಿಸಿದರು. ಬೇರೆ ಕೆಲವರಿಗೆ ಮಾತನ್ನು ಮೊದಲು ಕೇಳಿಸಿ ಚಿತ್ರವನ್ನು ಆಮೇಲೆ ತೋರಿಸಿದರು. ಮಾತೂ ಚಿತ್ರವೂ ಅವೇ. ಆದರೂ ಪಂಪು ಕೆಟ್ಟರೆ ಕಾರಣವೇನಿರಬಹುದೆಂಬಂಥ ಪ್ರಶ್ನೆಗಳಿಗೆ ಒಟ್ಟಿಗೆ ನೋಡಿ ಕೇಳಿದವರೇ ಹೆಚ್ಚು ಚೆನ್ನಾಗಿ ಉತ್ತರ ಕೊಟ್ಟರು.

ನಮ್ಮ ಊರುಗಳಲ್ಲಿ ತೊಗಲುಗೊಂಬೆ ಆಡಿಸುವವರಿಗೆ ಇದನ್ನು ಯಾರೂ ಕಲಿಸಬೇಕಾಗಿರಲಿಲ್ಲ. ಯಾವ ಗೊಂಬೆಯು ಕೈ ಎತ್ತುವದೋ ಅದರ ಮಾತೇ ಆಗ ಕೇಳಬರುವದು. ಮಾತಾಡದ ಗೊಂಬೆಯು ಸುಮ್ಮನೆ ನಿಂತಿರುವದು. ಇಂಥದೇ ವಿವೇಕವು ಪುಸ್ತಕದಲ್ಲಿಯೂ ಬಹು ಕಾಲದ ಹಿಂದೆಯೇ ಕಾಣಬಂತು. ಮೊರಾವಿಯ ದೇಶದ ಸಭಾಧ್ಯಕ್ಷನಾದ ಕೊಮೇನಿಯಸನು 1658ರಲ್ಲಿ ಮಕ್ಕಳಿಗಾಗಿ ಪ್ರಕಟಿಸಿದ ಚಿತ್ರಪುಸ್ತಕದಲ್ಲಿ ಚಿತ್ರದೊಳಗಿನ ಒಂದೊಂದು ವಸ್ತುವಿಗೆ ಅಂಕೆಯನ್ನು ಹಾಕಿ, ಅದೇ ಅಂಕೆಯನ್ನು ಅದನ್ನು ಹೆಸರಿಸುವ ಮಾತಿನ ಬಳಿಯಲ್ಲಿಯೂ ಕೊಟ್ಟನು. ಮಗುವಿನ ಕಣ್ಣು ಎಲ್ಲಿ ನೋಡಬೇಕೆಂದು ಅಲೆಯಬಾರದೆಂಬದೇ ಅವನ ಅಭಿಪ್ರಾಯ.

ಇನ್ನು ನಮ್ಮ ತಪ್ಪಿನ ಸಂಗತಿ. ಬೇಸಿಗೆಯಲ್ಲಿ ಎರೆ ಭೂಮಿಯು ಯಾಕೆ ಬಿರಿಯುತ್ತದೆಂಬ ಪಾಠವನ್ನು ನಾವು ಬಾಗೇವಾಡಿ ಕಡೆಯ ಮಕ್ಕಳಿಗಾಗಿ ಸಿದ್ಧಪಡಿಸಿದೆವು. ಕೈ ಹೋಗುವಷ್ಟು ದೊಡ್ಡ ಬಿರುಕುಗಳನ್ನು ಆ ಮಕ್ಕಳು ದಿನಾಲು ದಾಟಿ ಬರುವವರು. ಆದುದರಿಂದ ವಿಷಯವು ಒಳ್ಳೆಯದೇ. ಆದರೆ ಪಾಠವು ಸೊಗಸಾಗಿ ಕಾಣಬೇಕೆಂಬ ಆಶೆಯಿಂದ ಆರಂಭದಲ್ಲಿ ಕೊಳಲಿನ ನಾದವನ್ನು ಹಾಕಿದೆವು. ನೀರಿನ ಮಾತು ಬಂದಾಗ ಆಲಮಟ್ಟಿ ಆಣೆಕಟ್ಟೆಯ ಬಾಗಿಲುಗಳಿಂದ ನೀರು ಧುಮುಕುವ ದೃಶ್ಯವನ್ನು ಸೇರಿಸಿದೆವು. ನಾವು ಹೇಳುವ ಮಾತುಗಳನ್ನೆಲ್ಲಾ ಅಕ್ಷರಗಳಲ್ಲಿಯೂ ಕೆಳಗೆ ಹರಿಯಬಿಟ್ಟೆವು. ಒಟ್ಟು 11 ನಿಮಿಷ. ಮುಗಿದ ಮೇಲೆ ಮಣ್ಣು ಯಾಕೆ ಬಿರಿಯುತ್ತದೆಂದು ಕೇಳಲಾಗಿ, ಮಕ್ಕಳು ಆಣೆಕಟ್ಟೆಯ ಬಾಗಿಲುಗಳು ಎಷ್ಟೆಂಬ ವಾದಕ್ಕೆ ತೊಡಗಿದರು. ಒಬ್ಬ ಹುಡುಗನು, ಅಕ್ಷರ ಓದುವಷ್ಟರಲ್ಲಿ ಚಿತ್ರ ಹೋಗಿಬಿಡುತ್ತದೆಂದು ದೂರು ಹೇಳಿದನು. ಅವನ ಮಾತು ನ್ಯಾಯವಾದದ್ದು. ಚಿತ್ರವನ್ನೂ ಅಕ್ಷರವನ್ನೂ ಒಂದೇ ಕಣ್ಣು ನೋಡಬೇಕಷ್ಟೆ? ಕಿವಿಗೆ ಆಗಲೇ ಹೇಳಿದ್ದನ್ನು ಕಣ್ಣಿಗೂ ಹೇಳಹೋಗಿ, ಕಣ್ಣಿಗೆ ಮಾತ್ರ ತಿಳಿಯತಕ್ಕದ್ದನ್ನು ನಾವೇ ಮರೆಮಾಡಿದ್ದೆವು.

ಎರಡನೆಯ ಸಾರಿ ನಾವು ಸೇರಿಸುವದಕ್ಕಿಂತ ತೆಗೆಯುವದನ್ನೇ ಮಾಡಿದೆವು. ಮೊದಲಾಗಿ, ಪಾಠವು ಮುಗಿದ ಮೇಲೆ ಮಗುವು ಏನನ್ನು ಹೇಳಬಲ್ಲದಾಗಿರಬೇಕೆಂಬದನ್ನು ಒಂದೇ ವಾಕ್ಯದಲ್ಲಿ ಬರೆದುಕೊಂಡೆವು: ಎರೆ ಮಣ್ಣು ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಕುಗ್ಗುತ್ತದೆ, ಕುಗ್ಗಿದಲ್ಲಿ ಬಿರುಕು ಬೀಳುತ್ತದೆ. ಈ ವಾಕ್ಯಕ್ಕೆ ಸಹಾಯವಾಗದ ದೃಶ್ಯವು ಎಷ್ಟೇ ಚೆಂದವಿದ್ದರೂ ಹೊರಗೆ. ಆಣೆಕಟ್ಟೆಯು ಹೋಯಿತು, ಕೊಳಲು ಹೋಯಿತು. (ಕೊಳಲನ್ನು ಬಿಡುವದಕ್ಕೆ ನಮಗೆ ಸ್ವಲ್ಪ ಮನಸ್ಸು ನೊಂದಿತೆಂಬದು ನಿಜ.) ಎರೆ ಮಣ್ಣಿನಲ್ಲಿ ಮಾಂಟ್‌ಮೊರಿಲೊನೈಟ್ ಎಂಬ ಜೇಡಿಯು ಬಹಳವಾಗಿದ್ದು, ಅದು ಪುಸ್ತಕದ ಹಾಳೆಗಳಂತೆ ಪದರ ಪದರವಾಗಿರುತ್ತದೆ; ನೀರು ಆ ಪದರಗಳ ನಡುವೆ ನುಗ್ಗಿ ಅವುಗಳನ್ನು ಅಗಲಿಸುವದು, ನೀರು ಆರಿದಾಗ ಅವು ತಿರಿಗಿ ಹತ್ತಿರವಾಗುವವು. ಇದನ್ನು ತೋರಿಸಲಿಕ್ಕೆ ಯಂತ್ರಗಳೇನೂ ಬೇಕಾಗಲಿಲ್ಲ. ರಟ್ಟಿನ ತುಂಡುಗಳನ್ನು ಒಂದರ ಮೇಲೊಂದು ಇಟ್ಟು, ಒಂದೊಂದಾಗಿ ಅಗಲಿಸುತ್ತಾ ಹತ್ತು ಹನ್ನೆರಡು ಸಾರಿ ಚಿತ್ರ ತೆಗೆದೆವು. ಅಗಲುವ ಗಳಿಗೆಯಲ್ಲಿಯೇ ಅಗಲುವ ಮಾತು, ಕುಗ್ಗುವ ಗಳಿಗೆಯಲ್ಲಿಯೇ ಕುಗ್ಗುವ ಮಾತು. ಅಕ್ಷರಗಳಲ್ಲಿ ಉಳಿದದ್ದು ಆ ಜೇಡಿಯ ಹೆಸರು ಮಾತ್ರ. ಯಾಕಂದರೆ ಕೇಳದೆ ಇದ್ದ ಹೊಸ ಹೆಸರನ್ನು ಕಣ್ಣಿನಿಂದಲೂ ನೋಡದೆ ಮಗುವು ಹಿಡಿಯಲಾರದು. ಬಳಿಕ ಸ್ವರವು, ಈಗ ಮೊಬೈಲನ್ನು ಕೆಳಗಿಟ್ಟು, ಮಣ್ಣನ್ನು ಕಲಸಿ ಉಂಡೆ ಮಾಡಿ ಬಿಸಿಲಿಗೆ ಇಡು, ನಾಳೆ ನೋಡು, ಎಂದು ಹೇಳಿ ನಿಲ್ಲುವದು. ಒಟ್ಟು ಮೂರು ನಿಮಿಷ.

ಮಾತಿನ ಕುರಿತು ಒಂದು ಎಚ್ಚರಿಕೆ ಅವಶ್ಯ. ಬೇರೆ ಕಡೆಯಲ್ಲಿ ತಯಾರಾದ ಪಾಠದಲ್ಲಿ ಕಡಲೆಕಾಯಿ ಎಂದು ಕೇಳಿದರೆ, ಶೇಂಗಾ ಎಂದು ಬಲ್ಲ ನಮ್ಮ ಮಗುವು ಕಡಲೆಯ ಗಿಡವನ್ನು ನೆನಸುವದು. ಜೋಳವೆಂದು ಹೇಳಿ ಗೋವಿನಜೋಳದ ತೆನೆಯನ್ನು ತೋರಿಸಿದರೆ ಅದಕ್ಕೆ ನಗು ಬರುವದು. ಹೀಗೆ ಚಿತ್ರ ಒಂದು ಹೇಳಿ ಮಾತು ಮತ್ತೊಂದು ಹೇಳಿದರೆ, ಎರಡು ದಾರಿಗಳೂ ಕೂಡುವ ಬದಲಾಗಿ ಒಂದನ್ನೊಂದು ಅಡ್ಡಗಟ್ಟುವವು. ಪಠ್ಯಪುಸ್ತಕಗಳಲ್ಲಿ ಅಚ್ಚಾಗಿರುವ ಚೌಕಟ್ಟಿನ ಗುರುತನ್ನು ಮೊಬೈಲಿಗೆ ತೋರಿಸಿ ದೀಕ್ಷಾದಲ್ಲಿರುವ ಪಾಠಗಳನ್ನು ತೆರೆಯುವವರು, ಮಕ್ಕಳಿಗೆ ತೋರಿಸುವ ಮೊದಲು ತಾವು ಒಮ್ಮೆ ನೋಡಿ, ಇಂಥ ಮಾತುಗಳನ್ನು ಗುರುತಿಸಿಕೊಳ್ಳುವದು ಒಳ್ಳೇದು.

ಈ ಮೂರು ನಿಮಿಷದ ಪಾಠದಿಂದ ಮಕ್ಕಳು ಚೆನ್ನಾಗಿ ಉತ್ತರ ಕೊಟ್ಟರಾದ್ದರಿಂದ ನಾವು ಕೆಲಸವು ಮುಗಿಯಿತೆಂದು ತಿಳಿದೆವು. ಆದರೆ ನಮ್ಮ ಸೀಮೆಯ ಮಕ್ಕಳೆಲ್ಲರೂ ವರ್ಷವಿಡೀ ಊರಲ್ಲಿರುವವರಲ್ಲ. ಹಿಂಗಾರಿ ಕೈಕೊಟ್ಟ ವರ್ಷ ಎಷ್ಟೋ ಕುಟುಂಬಗಳು ದುಡಿಯಲಿಕ್ಕೆ ಗೋವೆಗೂ ಮಹಾರಾಷ್ಟ್ರಕ್ಕೂ ಹೋಗುತ್ತವೆ. ಮಗುವಿನ ಹೆಸರು ಶಾಲೆಯ ಪಟ್ಟಿಯಲ್ಲಿ ಉಳಿಯುವದು, ಮಗುವು ಮಾತ್ರ ಕಟ್ಟಡದ ಕೆಲಸ ನಡೆಯುವಲ್ಲಿ ತಮ್ಮನನ್ನು ಎತ್ತಿಕೊಂಡಿರುವದು. ಅಂಥ ಮಗುವಿಗೆ ಅಪ್ಪನ ಮೊಬೈಲು ರಾತ್ರಿ ಅರ್ಧ ತಾಸು ದೊರೆತರೆ ಅದೇ ಶಾಲೆ. 11 ನಿಮಿಷದ ಭಾರವಾದ ಪಾಠವು ಅಲ್ಲಿಗೆ ಇಳಿಯುವದೇ ಇಲ್ಲ. ಚಿಕ್ಕದಾಗಿ ಮಾಡಬೇಕೆಂಬದು ಕೇವಲ ಬುದ್ಧಿಯ ಸಲುವಾಗಿ ಅಲ್ಲವೆಂದು ನಮಗೆ ಆಗ ಗೊತ್ತಾಯಿತು.

ಸಿಂದಗಿ ತಾಲೂಕಿನ ಒಬ್ಬ ಹುಡುಗಿಯು ಹೀಗೆ ಗೋವೆಗೆ ಹೋದವಳು, ಪಾಠವನ್ನು ನೋಡಿ ಎರಡು ದಿವಸಗಳ ಮೇಲೆ ತನ್ನ ಸ್ವರದಲ್ಲಿ ಒಂದು ಸಂದೇಶವನ್ನು ಕಳುಹಿಸಿದಳು: “ಸರ, ನೀವು ಹೇಳಿದ್ದು ಖರೇ ಇಲ್ಲರಿ. ಇಲ್ಲೆ ಉಂಡಿ ಒಣಗಿದರೂ ಬಿರೀಲಿಲ್ಲ.” ಅವಳ ಕೈಯಲ್ಲಿದ್ದದ್ದು ಅಲ್ಲಿಯ ಕೆಂಪು ಜಂಬಿಟ್ಟಿಗೆ ಮಣ್ಣು, ಅದರ ಜೇಡಿಯು ಬೇರೆ ಜಾತಿಯದಾದ್ದರಿಂದ ನೀರಿಗೆ ಅಷ್ಟಾಗಿ ಉಬ್ಬುವದಿಲ್ಲ, ಒಣಗಿದರೆ ಅಷ್ಟಾಗಿ ಕುಗ್ಗುವದೂ ಇಲ್ಲ. ಪಾಠದಲ್ಲಿ ಮಣ್ಣೆಂದು ಮಾತ್ರ ಹೇಳಿ, ಯಾವ ಮಣ್ಣೆಂದು ಹೇಳಲಿಕ್ಕೆ ನಾವೇ ಮರೆತಿದ್ದೆವು. ಉಪಾಧ್ಯಾಯನು ಎದುರಿಗಿದ್ದರೆ ಆ ಕ್ಷಣವೇ ತಿದ್ದುತ್ತಿದ್ದನು. ಪಾಠವು ಒಂಟಿಯಾಗಿ ಹೋದಾಗ ತಿದ್ದುವವರು ಯಾರು? ಆದುದರಿಂದ ಈಗ ಪಾಠವನ್ನು ಕಳುಹಿಸುವ ಮೊದಲು ಇಬ್ಬರು ಮಕ್ಕಳನ್ನು ಕೂಡ್ರಿಸಿ, ನಾವು ಬಾಯಿ ತೆರೆಯದೆ, ಅವರು ಏನು ಮಾಡುತ್ತಾರೆಂಬದನ್ನು ನೋಡಿ ಬರೆದುಕೊಳ್ಳುತ್ತೇವೆ.

ಯುಗಾದಿಗೆ ಊರಿಗೆ ಬಂದಾಗ ಆ ಹುಡುಗಿಯು ಕೆಂಪು ಮಣ್ಣಿನ ಉಂಡೆಯನ್ನು ಬಟ್ಟೆಯಲ್ಲಿ ಕಟ್ಟಿಕೊಂಡು ತಂದಿದ್ದಳು. ಮೂರನೆಯ ಸಾರಿ ಮಾಡಿದ ಪಾಠದಲ್ಲಿ ಅದೂ ಬಾಗೇವಾಡಿಯ ಕಪ್ಪು ಉಂಡೆಯೂ ಪಕ್ಕ ಪಕ್ಕದಲ್ಲಿ ಕಾಣುತ್ತವೆ. ಪಾಠವು 20 ಸೆಕೆಂಡು ಉದ್ದವಾಗಿದೆ.