ಘಟಸರ್ಪದ ಮೂಳೆ, ಸಾಲಿಗ್ರಾಮದ ಚಕ್ರ

ತುರುವೇಕೆರೆಯ ಕಡೆಯ ವಿದ್ಯಾರ್ಥಿಯೊಬ್ಬನು ಒಮ್ಮೆ ನನ್ನನ್ನು ಕೇಳಿದನು: "ನಮ್ಮ ತೆಂಗಿನ ತೋಟದಲ್ಲಿ ಬಾವಿ ತೋಡಿದರೆ ಡೈನೋಸಾರಿನ ಮೂಳೆ ಸಿಕ್ಕೀತೆ, ಸಾರ್?" ಸಿಕ್ಕದು. ತಿಪಟೂರು, ಚಿಕ್ಕನಾಯಕನಹಳ್ಳಿಗಳ ಸೀಮೆಯ ತಳದ ಬಂಡೆಗೆ 250 ಕೋಟಿ ವರ್ಷಗಳಿಗೂ ಮೀರಿದ ವಯಸ್ಸು. ಇದನ್ನು ತಿಳಿಯುವ ಬಗೆ ಸ್ವಾರಸ್ಯವಾದುದು. ಬಂಡೆಯಲ್ಲಿರುವ ಜಿರ್ಕಾನ್ ಎಂಬ ಸಣ್ಣ ಹರಳುಗಳಲ್ಲಿ ಯುರೇನಿಯಂ ಅಡಗಿರುತ್ತದೆ. ಅದು ತಾನಾಗಿ, ನಿಯತವಾದ ಗತಿಯಲ್ಲಿ, ಸೀಸವಾಗಿ ಮಾರ್ಪಡುತ್ತದೆ. ಯುರೇನಿಯಂ–238ರ ಅರ್ಧಭಾಗ ಹೀಗೆ ಮಾರ್ಪಡಲು ಸುಮಾರು 447 ಕೋಟಿ ವರ್ಷಗಳು ಬೇಕು. ಉಳಿದ ಯುರೇನಿಯಮ್ಮನ್ನೂ ಕೂಡಿದ ಸೀಸವನ್ನೂ ಅಳೆದರೆ ಹರಳಿನ ವಯಸ್ಸು ದೊರೆಯುತ್ತದೆ. ಡೈನೋಸಾರುಗಳಾದರೋ ಹುಟ್ಟಿದ್ದೇ ಸುಮಾರು 23 ಕೋಟಿ ವರ್ಷಗಳ ಹಿಂದೆ. ಮೂಳೆಯುಳ್ಳ ಪ್ರಾಣಿಯೇ ಇಲ್ಲದ ಕಾಲದ ಬಂಡೆಯಲ್ಲಿ ಮೂಳೆಯನ್ನು ಅರಸುವುದೆಂತು?

ಚೀನೀಯರ ಘಟಸರ್ಪದ ಕಲ್ಪನೆಯು ಡೈನೋಸಾರಿನ ಮೂಳೆಗಳಿಂದಲೇ ಹುಟ್ಟಿತೆಂದು ಹೇಳುವವರುಂಟು. ಆ ದೇಶದ ಮದ್ದಿನಂಗಡಿಗಳಲ್ಲಿ ಪಳೆಯುಳಿಕೆಗಳನ್ನು "ಲಾಂಗ್ ಗು", ಅಂದರೆ ಘಟಸರ್ಪದ ಮೂಳೆ, ಎಂಬ ಹೆಸರಿನಿಂದ ಮಾರುತ್ತಿದ್ದುದು ನಿಜ. 1935ರಲ್ಲಿ ಫಾನ್ ಕೋನಿಗ್ಸ್‌ವಾಲ್ಡ್ ಎಂಬ ವಿಜ್ಞಾನಿಗೆ, ಅಳಿದುಹೋದ ಮಹಾವಾನರವೊಂದರ ಹಲ್ಲು ದೊರೆತದ್ದು ಹಾಂಗ್‌ಕಾಂಗಿನ ಇಂತಹ ಅಂಗಡಿಯಲ್ಲಿಯೇ. ಆದರೆ ಹೀಗೆ ಮಾರಾಟವಾದವು ಬಹುಮಟ್ಟಿಗೆ ಕುದುರೆ, ಖಡ್ಗಮೃಗ, ಆನೆ ಮೊದಲಾದ ಸಸ್ತನಿಗಳ ಮೂಳೆಗಳು, ಡೈನೋಸಾರಿನವಲ್ಲ. ಖಡ್ಗಮೃಗದ ದವಡೆಯನ್ನು ಕಂಡು ಹಾವಿನಂತೆ ನೀಳವಾದ ಮೈಯನ್ನು ಊಹಿಸಿದರೆಂಬುದನ್ನು ನಾನು ಒಪ್ಪಲಾರೆ. ಕಥೆ ಮೊದಲು ಹುಟ್ಟಿ, ಮೂಳೆಗೆ ಆ ಹೆಸರು ಆಮೇಲೆ ಬಂದಿರಬೇಕು. ನಮ್ಮ ಊರುಗಳ ಅರಳಿಕಟ್ಟೆಯನ್ನೇ ನೋಡಿರಿ. ನೆಲದಲ್ಲಿ ಒಂದು ಮೂಳೆಯೂ ಇಲ್ಲ. ಕಟ್ಟೆಯ ಮೇಲೆ ಮಾತ್ರ ಸಾಲುಸಾಲಾಗಿ ನಾಗರಕಲ್ಲುಗಳು. ತೋಟದಲ್ಲಿ ಹರಿದಾಡುವ ಜೀವಂತ ನಾಗರವೇ ಅವಕ್ಕೆ ಸಾಕಾಯಿತು.

ಪಳೆಯುಳಿಕೆಗೆ ಪೂಜೆ ಸಲ್ಲುವುದೇನೂ ಅಪರೂಪವಲ್ಲ. ಮಧ್ಯಪ್ರದೇಶದ ಧಾರ್ ಜಿಲ್ಲೆಯಲ್ಲಿ ಹೊಲ ಕಾಯುವ ದೇವರೆಂದು ಪೂಜೆಗೊಳ್ಳುತ್ತಿದ್ದ ಗುಂಡುಕಲ್ಲುಗಳು ಡೈನೋಸಾರಿನ ಮೊಟ್ಟೆಗಳೆಂದು 2023ರಲ್ಲಿ ಬೆಳಕಿಗೆ ಬಂದಿತು. ಅಷ್ಟು ದೂರವೇಕೆ? ನಮ್ಮಲ್ಲಿ ಎಷ್ಟೋ ಮನೆಗಳ ದೇವರ ಪೆಟ್ಟಿಗೆಯಲ್ಲಿ ಸಾಲಿಗ್ರಾಮವಿದೆ. ನೇಪಾಳದ ಗಂಡಕಿ ನದಿಯಿಂದ ಬರುವ ಈ ಕರಿಯ ಕಲ್ಲಿನೊಳಗಿನ ಚಕ್ರವು ಅಮೋನೈಟ್ ಎಂಬ ಕಡಲ ಪ್ರಾಣಿಯ ಚಿಪ್ಪಿನ ಗುರುತು. ಹಿಮಾಲಯವು ಏಳುವ ಮುನ್ನ ಅಲ್ಲಿ ಸಮುದ್ರವಿದ್ದಿತು; ಪ್ರಾಣಿಯು ಸತ್ತು ತಳದ ಕೆಸರಿನಲ್ಲಿ ಹೂತುಹೋಯಿತು, ಕೆಸರು ಕಲ್ಲಾಯಿತು, ಸುರುಳಿ ಉಳಿಯಿತು. ಅಮೋನೈಟುಗಳು ಡೈನೋಸಾರುಗಳ ಸಮಕಾಲೀನರು; ಎರಡೂ ಅಳಿದದ್ದು ಸುಮಾರು 6.6 ಕೋಟಿ ವರ್ಷಗಳ ಹಿಂದೆ.

ಆ ಚಕ್ರವನ್ನು ವಜ್ರಕೀಟವೆಂಬ ಹುಳು ಕೊರೆಯಿತೆಂದು ಹಿರಿಯರು ಹೇಳುತ್ತಿದ್ದರು. ಅದು ಕೀಟವಲ್ಲ, ಕಲ್ಲನ್ನು ಕೊರೆದುದೂ ಇಲ್ಲ. ಆದರೂ ಅದು ಜೀವಿಯೊಂದರ ರಚನೆಯೆಂದು, ಭೂವಿಜ್ಞಾನದ ನೆರವಿಲ್ಲದೆಯೇ, ಅವರು ಕಂಡುಕೊಂಡಿದ್ದರು.