ಹುಡುಗ ಗುಡಿಗೆ ಬರಂಗಿಲ್ಲ ಅಂದ್ರ...

ಮಗನನ್ನು ಕರೆದುಕೊಂಡು ಮುಗದದಿಂದ ನನ್ನ ಬಳಿ ಸಲಹೆಗೆ ಬಂದಿದ್ದ ತಾಯಿ ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತಲೇ ಕುಳಿತಿದ್ದರು. "ಸೋಮವಾರ ಗುಡಿಗೆ ಬಾ ಅಂದ್ರ ಬರಂಗಿಲ್ಲ ಅಂತಾನ್ರೀ. ವಿಭೂತಿ ಹಚ್ಚಿಕೊಳ್ಳಂಗಿಲ್ಲ. ದೇವ್ರ ಅಂಜಿಕಿನ ಇಲ್ಲಂದ್ರ ನಾಳೆ ದಾರಿ ಬಿಡ್ತಾನಲ್ರೀ?"

ಮಗ ಒಂಬತ್ತನೇ ಇಯತ್ತೆ. ಶಾಲೆ ತಪ್ಪಿಸುವುದಿಲ್ಲ, ಅಜ್ಜಿಯ ಗುಳಿಗೆ ಮರೆಯದೆ ಕೊಡುತ್ತಾನೆ. ದಾರಿ ಬಿಟ್ಟ ಲಕ್ಷಣ ಗುಡಿಯ ಬಾಗಿಲು ಬಿಟ್ಟರೆ ಬೇರೆಲ್ಲೂ ನನಗೆ ಕಾಣಲಿಲ್ಲ.

ಅಂಜಿಕೆಯ ಮೇಲೆ ನಿಂತ ಒಳ್ಳೆಯತನಕ್ಕೆ ಆಯುಷ್ಯ ಕಡಿಮೆ. 'ಸುಳ್ಳು ಹೇಳಿದ್ರ ದೇವ್ರು ಕಣ್ಣು ಕಳೀತಾನ' ಎನ್ನುತ್ತೇವೆ. ಕೂಸು ಒಂದು ಸುಳ್ಳು ಹೇಳಿ ನೋಡುತ್ತದೆ. ಮರುದಿನವೂ ಕಣ್ಣು ನೆಟ್ಟಗಿರುತ್ತದೆ. ದೇವರೂ ಹೋದ, ಸತ್ಯವೂ ಹೋಯಿತು. ಎರಡನ್ನೂ ಒಂದೇ ಹಗ್ಗಕ್ಕೆ ಕಟ್ಟಿದವರು ನಾವೇ.

ಮಕ್ಕಳು ಮಾತ್ರ ಈ ಗಂಟನ್ನು ತಾವೇ ಬಿಡಿಸಿಕೊಳ್ಳುತ್ತಾರೆ. ಅಮೆರಿಕದ ಲ್ಯಾರಿ ನುಚ್ಚಿ ಮತ್ತು ಎಲಿಯಟ್ ಟ್ಯುರಿಯಲ್ ಎಂಬ ಮನಶ್ಶಾಸ್ತ್ರಜ್ಞರು 1993ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ದೈವಭಕ್ತ ಕ್ರೈಸ್ತ ಮತ್ತು ಯಹೂದಿ ಮನೆಗಳ ಮಕ್ಕಳನ್ನು ಕೇಳಿದ್ದರು: ದೇವರು ಬೇಡ ಎನ್ನದಿದ್ದರೆ ವಿಶ್ರಾಂತಿಯ ದಿನ ದುಡಿಯಬಹುದೇ? ದುಡಿಯಬಹುದು ಎಂದರು ಬಹುಪಾಲು ಮಕ್ಕಳು. ದೇವರು ಬೇಡ ಎನ್ನದಿದ್ದರೆ ಕದಿಯಬಹುದೇ? ಆಗಲೂ ಕೂಡದು, ಕಳೆದುಕೊಂಡವರಿಗೆ ನೋವಾಗುತ್ತದಲ್ಲ ಎಂದರು.

ನಮ್ಮ ನಾಡಿನಲ್ಲೇ ನೋಡಿ. ವಿಜಯಪುರದ ಸಿದ್ಧೇಶ್ವರ ಸ್ವಾಮೀಜಿ ಕಿಸೆಯಿಲ್ಲದ ಅಂಗಿ ತೊಟ್ಟು ಬಾಳಿದರು, 2018ರಲ್ಲಿ ಪದ್ಮಶ್ರೀಯನ್ನೂ ಒಲ್ಲೆ ಎಂದರು. ಬೆಂಗಳೂರಿನ ಎಚ್. ನರಸಿಂಹಯ್ಯ ಕುಲಪತಿಯಾಗಿದ್ದಾಗ ಪವಾಡಗಳ ಪರೀಕ್ಷೆಗೆ ಸಮಿತಿ ರಚಿಸಿ ದೊಡ್ಡವರ ಸಿಟ್ಟಿಗೆ ಗುರಿಯಾದ ವಿಚಾರವಾದಿ. ಅವರೂ ಖಾದಿ ತೊಟ್ಟು, ನ್ಯಾಷನಲ್ ಕಾಲೇಜಿನ ಹಾಸ್ಟೆಲ್ ಕೋಣೆಯಲ್ಲೇ ಬದುಕು ಕಳೆದರು. ಒಬ್ಬರದು ಮಠ, ಇನ್ನೊಬ್ಬರದು ಪ್ರಯೋಗಶಾಲೆ. ಇಬ್ಬರ ಕೈಗೂ ನಿಮ್ಮ ಮಗನನ್ನು ನಿಶ್ಚಿಂತೆಯಿಂದ ಒಪ್ಪಿಸಬಹುದಿತ್ತಲ್ಲ?

ಹುಡುಗನನ್ನು ಒಬ್ಬನನ್ನೇ ಕೂರಿಸಿ ಮಾತಾಡಿಸಿದೆ. ಮೊದಲು ಹೆಗಲು ಹಾರಿಸಿದ. ಆಮೇಲೆ ಹೊಲದ ಮಾತು ಬಂತು. ಪ್ರತಿ ವರ್ಷ ಭತ್ತಕ್ಕೆ ಕೂರಿಗೆ ಹೂಡುವ ಮುಂಚೆ ಅಪ್ಪ ನೇಗಿಲನ್ನು ಬದುವಿಗೆ ತುಸು ಒತ್ತಿ ಹೊಡೆಯುತ್ತಾನಂತೆ. ಬಾಜೂ ಹೊಲದ ಅಜ್ಜಿಗೆ ಗಂಡನಿಲ್ಲ, ಕೇಳುವವರಿಲ್ಲ. ಬದು ನಾಲ್ಕು ವರ್ಷದಲ್ಲಿ ಎರಡು ಗೇಣು ಆಚೆ ಸರಿದಿದೆ, ಇವನೇ ಅಳೆದಿದ್ದಾನೆ. "ಹೊಡದು ಬಂದು ಜಳಕಾ ಮಾಡಿ ಗುಡಿಗೆ ಕಾಯಿ ಒಡಸಾಕ ಹೋಗ್ತಾನ್ರೀ. ನಾನೂ ಬಾಜೂಕ ನಿಂದ್ರಬೇಕ?"

ಪೋಷಕರು ನಾಸ್ತಿಕತೆ ಎಂದು ಕರೆದುಕೊಂಡು ಬರುವ ಪ್ರಕರಣಗಳಲ್ಲಿ ಹೀಗೆ ಮುನಿಸು ಕುಳಿತಿರುವುದು ನನಗೆ ಹೊಸದಲ್ಲ. ಎಲ್ಲ ಮಕ್ಕಳದ್ದೂ ಇದೇ ಅಂತಲ್ಲ. ಕೆಲವರಿಗೆ ನಿಜಕ್ಕೂ ನಂಬಿಕೆ ಹುಟ್ಟುವುದಿಲ್ಲ, ಅದನ್ನು ರೋಗವೆಂದು ತಿಳಿಯಬೇಕಿಲ್ಲ. ಆದರೆ ವಾದಕ್ಕಿಳಿಯುವ ಮುಂಚೆ 'ಯಾಕ ಒಲ್ಲಿ?' ಎಂದು ಒಮ್ಮೆ ಸಿಟ್ಟಿಲ್ಲದೆ ಕೇಳಿ. ಉತ್ತರ ನಿಮ್ಮ ಕಡೆಗೇ ತಿರುಗಿದರೆ, ಅದನ್ನು ಕೇಳಿಸಿಕೊಳ್ಳುವ ತಾಳ್ಮೆಯೂ ಇರಲಿ. ತಪ್ಪಾಗಿದ್ದರೆ ಮಗನೆದುರೇ ಒಪ್ಪಿಕೊಳ್ಳಿ. ಮರ್ಯಾದೆ ಕಡಿಮೆಯಾದೀತೆಂಬ ಭಯ ಬೇಡ. ಬದು ಅಳೆದವನಿಗೆ ಅದೆಲ್ಲ ಮೊದಲೇ ಗೊತ್ತಿರುತ್ತದೆ.

ಅವನ ಒಪ್ಪಿಗೆ ಪಡೆದೇ ತಾಯಿಗೆ ಬದುವಿನ ಮಾತು ತಿಳಿಸಿದೆ. ಬಹಳ ಹೊತ್ತು ಸುಮ್ಮನಿದ್ದರು. ಏಳುವಾಗ ಕೇಳಿದರು: "ಹಂಗಾರ ಜಾತ್ರಿಗೆ ಕರಿಬೇಕೋ, ಬ್ಯಾಡೋ?"

"ಕರೀರಿ. ತೇರಿನ ಹಗ್ಗಕ್ಕ ಕೈ ಬೇಕಾಗ್ತಾವ. ಮುಗಿಯೂದು ಬಿಡೂದು ಅವಂಗ ಬಿಡ್ರಿ. ಅವರಪ್ಪಗ ಮಾತ್ರ ಬರೂ ವಾರ ಬರಾಕ ಹೇಳ್ರಿ, ಬಿತ್ತಿಗಿ ಶುರು ಆಗೂದರಾಗ."